ಹಿಮದ ಪದರಗಳನ್ನು ಓದಿದವರು

ಮಂಜು ಎಂಬ ಒಂದೇ ಮಾತಿನಿಂದ ಮಡಿಕೇರಿಯ ಮುಂಜಾವಿನ ಮುಸುಕನ್ನೂ ಹಿಮಾಲಯದ ನೆತ್ತಿಯ ಬೆಳ್ಪನ್ನೂ ಕರೆದು ಸುಮ್ಮನಾಗುವ ನಮ್ಮ ನುಡಿಗೆ, ಬೀಳುತ್ತಿರುವ ಹಿಮಕ್ಕೂ, ಬಿದ್ದು ನೆಲೆನಿಂತು ಬಳಿಕ ಒಮ್ಮೆಲೇ ಜಾರುವ ಹಿಮಕ್ಕೂ ಬೇರೆ ಬೇರೆ ಹೆಸರು ಬೇಕೆನ್ನಿಸದಿದ್ದುದು ಸಹಜವೇ. ಎರಡನ್ನೂ ‘ಹಿಮಪಾತ’ವೆಂದೇ ನಮ್ಮ ಪತ್ರಿಕೆಗಳು ಅಚ್ಚುಮಾಡುವುದುಂಟು. ಎರಡನೆಯದನ್ನು ನಾನಿಲ್ಲಿ ಹಿಮಕುಸಿತವೆನ್ನುತ್ತೇನೆ.

ಆಲ್ಪ್ಸ್ ಕಣಿವೆಗಳಲ್ಲಿ ಮನೆಬಾಗಿಲಿಗೇ ಬರುತ್ತಿದ್ದ ಈ ಮೃತ್ಯುವನ್ನು ದೈವಕೋಪವೆಂದು ಬಿಟ್ಟುಕೊಡದೆ, ಅದು ಇಳಿಯುವ ಜಾಡುಗಳನ್ನು ಲೆಕ್ಕವಿಟ್ಟು 1881ರಲ್ಲಿ ಗ್ರಂಥವಾಗಿಸಿದವನು ಸ್ವಿಟ್ಜರ್ಲೆಂಡಿನ ಅರಣ್ಯಾಧಿಕಾರಿ ಯೋಹಾನ್ ಕೋಆಟ್ಸ್. ಆದರೆ ಅದು ಬಿದ್ದುದರ ಲೆಕ್ಕವೇ ಹೊರತು ಬೀಳಲಿರುವುದರ ಸುಳಿವಲ್ಲ. 1916ರ ಡಿಸೆಂಬರ್ 13ರ ಬೆಳಗಿನ ಜಾವ ಮಾರ್ಮೊಲಾಡಾ ಪರ್ವತದ ಮಗ್ಗುಲಲ್ಲಿ ಆಸ್ಟ್ರಿಯಾ ಸೇನೆಯ ಬಿಡಾರಗಳು ಹೂತು, ನೂರಾರು ಯೋಧರು ಮಲಗಿದ್ದಲ್ಲಿಯೇ ಮಡಿದರು.

ದಾವೋಸಿನ ಮೇಲಣ ವೈಸ್‌ಫ್ಲೂಯೋಖ್‌ನಲ್ಲಿ 1936ರಲ್ಲಿ ನೆಲೆಯೂರಿದ ಪ್ರಯೋಗಶಾಲೆಯಿಂದ ದೃಷ್ಟಿಯೇ ಬದಲಾಯಿತು. ಹರಳುಗಳ ಶಾಸ್ತ್ರವನ್ನರಿತ ಹೆನ್ರಿ ಬಾಡರ್, ಮಣ್ಣಿನ ಬಲವನ್ನಳೆಯುವ ಎಂಜಿನಿಯರ್ ರಾಬರ್ಟ್ ಹೇಫೆಲಿ ಮುಂತಾದವರು ಕೆಳಗೆ ನಿಂತು ಇಳಿಜಾರನ್ನು ನೋಡುವುದನ್ನು ಬಿಟ್ಟು ಹಿಮದೊಳಕ್ಕೇ ಇಳಿದರು. ನೆಲದ ಬಳಿ ಹಿಮದ ಉಷ್ಣತೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿದ್ದು ಮೇಲ್ಮೈ ಕೊರೆಯುತ್ತಿರುವಾಗ, ತಳದ ಆವಿ ಮೇಲೇರುತ್ತ ಕಣಗಳನ್ನು ಮತ್ತೆ ಕಡೆದು, ಒಂದಕ್ಕೊಂದು ಅಂಟದ, ದಪ್ಪ ಸಕ್ಕರೆಯಂತೆ ಬೊಗಸೆಯಿಂದ ಸುರಿದುಹೋಗುವ ಹರಳುಗಳನ್ನಾಗಿ ಮಾಡುತ್ತದೆ. ಇಂಥ ದುರ್ಬಲ ಪದರದ ಮೇಲೆ ಗಾಳಿ ಗಟ್ಟಿಯಾದ ಹಲಗೆಯೊಂದನ್ನು ಹಾಸಿತೆಂದರೆ, ಮೂವತ್ತರಿಂದ ನಲವತ್ತೈದು ಡಿಗ್ರಿಯ ಇಳಿಜಾರಿನಲ್ಲಿ ಒಬ್ಬನ ಭಾರವೇ ಅದನ್ನು ಕಳಚಲು ಸಾಕು. ತೆಳುವಾದ ಹಿಮದಲ್ಲಿ ಈ ವಿಕಾರ ಇನ್ನೂ ಬೇಗನೆ ನಡೆಯುವುದರಿಂದ, ಹಿಮ ಕಡಮೆ ಬಿದ್ದ ವರ್ಷ ಅಪಾಯವೂ ಕಡಮೆಯೆಂಬ ನಂಬಿಕೆ ಬುಡಮೇಲಾಯಿತು.

ಸ್ವಿಟ್ಜರ್ಲೆಂಡೊಂದರಲ್ಲೇ 98 ಜನರನ್ನು ಬಲಿಗೊಂಡ 1950-51ರ ಚಳಿಗಾಲದ ತರುವಾಯ ತಡೆಗಟ್ಟೆಗಳೂ ಎಚ್ಚರಿಕೆಯ ಪ್ರಕಟಣೆಗಳೂ ಬಲಗೊಂಡವು. ಚಾರಣಿಗನ ಕೈಗೆಟುಕಿದ ಉಪಾಯವೆಂದರೆ ಕೆನಡಾದಲ್ಲಿ ರೂಢಿಗೆ ಬಂದ ಪರೀಕ್ಷೆ: ಗುಂಡಿ ತೋಡಿ, ಮೂವತ್ತು ಸೆಂಟಿಮೀಟರ್ ಚದರದ ಹಿಮಸ್ತಂಭವೊಂದನ್ನು ಬಿಡಿಸಿ, ಅದರ ತಲೆಯ ಮೇಲೆ ಸಲಿಕೆಯನ್ನಿಟ್ಟು, ಮೊದಲು ಮಣಿಕಟ್ಟಿನಿಂದ ಹತ್ತು, ಬಳಿಕ ಮೊಣಕೈಯಿಂದ ಹತ್ತು, ಕಡೆಗೆ ಭುಜದಿಂದ ಹತ್ತು ಏಟು ಹಾಕುವುದು. ಎಷ್ಟನೆಯ ಏಟಿಗೆ, ಯಾವ ಪದರ, ಹೇಗೆ ಮುರಿಯಿತೆಂಬುದೇ ಉತ್ತರ. ಮುರಿತವು ಹುಟ್ಟುವುದು ಒಂದು, ಹಬ್ಬುವುದು ಇನ್ನೊಂದು ಎಂಬ ತಿಳಿವಿನಿಂದ 2006ರ ಹೊತ್ತಿಗೆ ಸ್ತಂಭವನ್ನು ತೊಂಬತ್ತು ಸೆಂಟಿಮೀಟರಿಗೆ ಅಗಲಿಸಿದರು. ಸಮತಟ್ಟಿನಲ್ಲಿ ನಡೆವವನ ಕಾಲಡಿ ‘ಧೊಪ್ಪ’ನೆ ಕುಗ್ಗಿದ ಪದರ ದೂರದ ಇಳಿಜಾರನ್ನೇಕೆ ಜಾರಿಸುತ್ತದೆಂಬ ಒಗಟಿಗೂ ಆ ದಶಕದಲ್ಲೇ ವಿವರಣೆ ದೊರೆಯಿತು.

ಯೂರೋಪು 1993ರಲ್ಲಿ ಒಪ್ಪಿಕೊಂಡ ಅಪಾಯದ ಐದು ಮೆಟ್ಟಿಲುಗಳಲ್ಲಿ ಜೀವಗಳು ಹೆಚ್ಚಾಗಿ ಹೋಗುವುದು ಐದನೆಯದರಲ್ಲಲ್ಲ, ಮೂರರಲ್ಲಿ. ಐದೆಂದರೆ ಯಾರೂ ಹೊರಡರು. ಮೂರೆಂದರೆ ಮನಸ್ಸು ಚೌಕಾಶಿಗಿಳಿಯುತ್ತದೆ. ಈ ಚೌಕಾಶಿಯನ್ನೇ ಅಧ್ಯಯನದ ವಸ್ತುವಾಗಿಸಿ, ಅಮೆರಿಕದ ಏಳುನೂರಕ್ಕೂ ಮಿಕ್ಕ ಅವಘಡಗಳನ್ನು ಪರಿಶೀಲಿಸಿದ ಇಯಾನ್ ಮೆಕ್ಯಾಮನ್, ತರಬೇತಿ ಪಡೆದವರೂ ಪರಿಚಿತ ಇಳಿಜಾರಿನಲ್ಲಿ ಮೈಮರೆಯುವರೆಂದು 2004ರಲ್ಲಿ ತೋರಿಸಿದನು. ನನ್ನ ಎಣಿಕೆಯಲ್ಲಿ ಈ ಶಾಸ್ತ್ರದ ಅತ್ಯಂತ ಪ್ರಾಮಾಣಿಕವಾದ ಪುಟ ಇದೇ.

ನಮ್ಮ ದೇಶದಲ್ಲಿ ಈ ವಿದ್ಯೆಗೆ ಸೈನ್ಯವೇ ಆಶ್ರಯ. ಮನಾಲಿಯಲ್ಲಿ ಹಿಮ ಹಾಗೂ ಹಿಮಕುಸಿತ ಅಧ್ಯಯನ ಸಂಸ್ಥೆ ಸ್ಥಾಪಿತವಾದುದು 1969ರಲ್ಲಿ. ಕನ್ನಡಿಗರಿಗೆ ಈ ವಿಷಯ ಮನೆಯ ಮಾತಾದುದು ಮಾತ್ರ 2016ರ ಫೆಬ್ರುವರಿಯಲ್ಲಿ, ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಸಿಯಾಚಿನ್ನಿನ ಹಿಮದಡಿ ಆರು ದಿನ ಉಸಿರು ಹಿಡಿದಿದ್ದು, ಹೊರತೆಗೆದ ಮೇಲೆ ದಿಲ್ಲಿಯಲ್ಲಿ ಅಸುನೀಗಿದಾಗ. ಆತನಿದ್ದ ಹತ್ತು ಮಂದಿಯ ಠಾಣೆಯ ಮೇಲೆ ಕವಿದುದಾದರೋ ಪದರದ ಹಿಮವಲ್ಲ, ಕಳಚಿ ಬಿದ್ದ ಹಿಮಗಲ್ಲಿನ ಗೋಡೆ. ಸಲಿಕೆಯಿಂದ ತಟ್ಟಿ ನೋಡುವ ಪರೀಕ್ಷೆ ಅಂಥದಕ್ಕೆ ಸಲ್ಲದು.