ಮನೆ ಕೊಳ್ಳುವುದೋ, ಶಾಲೆ ಕೊಳ್ಳುವುದೋ?

ಅಮೆರಿಕದಲ್ಲಿರುವ ನಮ್ಮವರು ಮನೆ ನೋಡೋಕೆ ಹೊರಟರೆ ಬಾಗಿಲು ಯಾವ ದಿಕ್ಕಿಗಿದೆ ಅನ್ನೋದು ಎರಡನೆಯ ಪ್ರಶ್ನೆ. ಮೊದಲನೆಯದು, 'ಸ್ಕೂಲ್ ಹೇಗಿದೆ?' ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಇರಲಿ, ನ್ಯೂಜೆರ್ಸಿಯ ಎಡಿಸನ್ ಇರಲಿ, ಮಾರಾಟಕ್ಕಿರುವ ಮನೆಯ ವಿವರದಲ್ಲಿ ಬೆಡ್‌ರೂಮ್ ಎಷ್ಟು, ಬಾತ್‌ರೂಮ್ ಎಷ್ಟು ಅನ್ನೋದರ ಜೊತೆಗೆ ಆ ವಿಳಾಸಕ್ಕೆ ಸಿಗುವ ಶಾಲೆಗಳ ಹೆಸರೂ, ಪಕ್ಕದಲ್ಲಿ ಹತ್ತಕ್ಕೆ ಇಷ್ಟು ಅಂತ ಒಂದು ಅಂಕವೂ ಇರುತ್ತದೆ. ಒಂಬತ್ತೋ ಹತ್ತೋ ಇದ್ದರೆ ಹಳೇ ಮನೆಗೂ ಜನ ಮುಗಿಬೀಳ್ತಾರೆ. ನಾಲ್ಕು ಇದ್ದರೆ ಚೆಂದದ ಮನೆಯನ್ನೂ ಬಿಟ್ಟು ಮುಂದಕ್ಕೆ ಹೋಗ್ತಾರೆ.

ಊರಲ್ಲಿರುವ ಅಪ್ಪ ಅಮ್ಮನಿಗೆ ಇದು ಅರ್ಥವಾಗೋದು ಸ್ವಲ್ಪ ಕಷ್ಟ. ಶಾಲೆ ದೂರ ಇದ್ದರೆ ವ್ಯಾನ್ ಬರಲ್ವಾ ಅಂತ ಕೇಳ್ತಾರೆ. ಅವರ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ನಮ್ಮಲ್ಲಿ ಶಾಲೆಗಾಗಿ ಮನೆ ಬದಲಿಸಿದ್ದಕ್ಕಿಂತ ಮಕ್ಕಳನ್ನೇ ಶಾಲೆ ಇರುವ ಕಡೆ ಕಳಿಸಿದ್ದು ಹೆಚ್ಚು. ಸೋದರಮಾವನ ಮನೆಯಲ್ಲಿ ಇದ್ದುಕೊಂಡು ಓದಿದವರು, ವಾರಾನ್ನ ಉಂಡು ಓದಿದವರು, ಸಿದ್ಧಗಂಗೆಯಂಥ ಮಠದ ಹಾಸ್ಟೆಲಿನಲ್ಲಿ ಬೆಳೆದವರು ಪ್ರತಿ ಮನೆತನದಲ್ಲೂ ಸಿಗ್ತಾರೆ. ಸರ್ಕಾರಿ ಶಾಲೆಯ ಮೇಷ್ಟರ ಸಂಬಳವೂ ರಾಜ್ಯದ ಖಜಾನೆಯಿಂದ ಬರುತ್ತದೆಯೇ ಹೊರತು ಆ ಊರಿನ ಮನೆ ಕಂದಾಯದಿಂದ ಅಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿನ ಸರ್ಕಾರಿ ಶಾಲೆಗೆ ಸಾಮಾನ್ಯವಾಗಿ ಮನೆಯ ವಿಳಾಸವೇ ಪ್ರವೇಶಪತ್ರ. ಈ ಗಂಟು ಯಾವಾಗ ಬಿತ್ತು, ಹೇಗೆ ಬಿಗಿಯಾಯ್ತು ಅನ್ನೋದು ಮನೆ ಕೊಳ್ಳುವವರೆಲ್ಲ ತಿಳಿದಿರಬೇಕಾದ ಇತಿಹಾಸ.

ಮೊದಲ ಎಳೆ ತುಂಬಾ ಹಳೆಯದು. 1647ರಲ್ಲಿ, ಅಮೆರಿಕ ಇನ್ನೂ ಬ್ರಿಟಿಷರ ವಸಾಹತಾಗಿದ್ದಾಗ, ಮ್ಯಾಸಚೂಸೆಟ್ಸ್‌ನಲ್ಲಿ ಒಂದು ಕಾನೂನು ಬಂತು. ಐವತ್ತು ಕುಟುಂಬಗಳಿರುವ ಪ್ರತಿ ಊರೂ ಮಕ್ಕಳಿಗೆ ಓದು ಬರಹ ಕಲಿಸೋಕೆ ಒಬ್ಬ ಮೇಷ್ಟರನ್ನು ಇಟ್ಟುಕೊಳ್ಳಬೇಕು. ನೂರು ಕುಟುಂಬಗಳಿದ್ದರೆ ದೊಡ್ಡ ಓದಿನ ಶಾಲೆಯನ್ನೇ ತೆರೆಯಬೇಕು. ಉದ್ದೇಶ ಒಳ್ಳೆಯದೇ. ಆದರೆ ನಮ್ಮ ಊರಿನ ಶಾಲೆಯ ಖರ್ಚು ನಮ್ಮ ಊರಿನದು ಅನ್ನೋ ರೂಢಿ ಇಂಥ ಕಡೆಯಿಂದಲೇ ಬೆಳೆಯಿತು. ಎಲ್ಲ ಊರುಗಳೂ ಹೆಚ್ಚುಕಡಿಮೆ ಒಂದೇ ಥರ ಇದ್ದಾಗ ಅದರಿಂದ ದೊಡ್ಡ ತೊಂದರೆ ಇರಲಿಲ್ಲ. ನಗರಗಳು ಬೆಳೆದು, ಒಂದು ಬಡಾವಣೆ ಶ್ರೀಮಂತರದು, ಇನ್ನೊಂದು ಕೂಲಿಯವರದು ಅಂತ ಆದಮೇಲೆ ಲೆಕ್ಕ ತಪ್ಪಿತು.

ಆ ಬಡಾವಣೆಗಳು ತಾವಾಗಿಯೇ ಬೇರೆಬೇರೆ ಆಗಿದ್ದಲ್ಲ. 1934ರಲ್ಲಿ ಅಮೆರಿಕ ಸರ್ಕಾರ ಮನೆ ಸಾಲಕ್ಕೆ ವಿಮೆ ಕೊಡುವ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಅನ್ನು ಶುರು ಮಾಡಿತು. ಮಧ್ಯಮ ವರ್ಗ ಸ್ವಂತ ಮನೆ ಕಂಡದ್ದು ಇದರಿಂದ. ಆದರೆ ಅದರ ಅಧಿಕಾರಿಗಳು ಯಾವ ಮನೆಗೆ ವಿಮೆ ಕೊಡಬಹುದು ಅಂತ ತೂಗಿ ನೋಡೋಕೆ ಬಳಸುತ್ತಿದ್ದ 1938ರ ಕೈಪಿಡಿಯಲ್ಲಿ ಶಾಲೆಯ ಮಾತೂ ಇತ್ತು. ಆ ಪ್ರದೇಶದ ಮಕ್ಕಳು ಹೋಗಬೇಕಾದ ಶಾಲೆಯಲ್ಲಿ 'ಕೆಳಮಟ್ಟದ' ಸಮಾಜದವರೋ ಬೇರೆ ಜನಾಂಗದವರೋ ಹೆಚ್ಚಿದ್ದರೆ ಅಲ್ಲಿನ ಮನೆಗಳು ಬೆಲೆ ಉಳಿಸಿಕೊಳ್ಳುವುದಿಲ್ಲ ಅನ್ನೋದು ಅದರ ಸಾರಾಂಶ. ಅಂದರೆ ಶಾಲೆಯಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ ಅನ್ನೋದನ್ನು ಮನೆಯ ಬೆಲೆಗೆ ಕಟ್ಟಿದ್ದು ಬರೀ ಬ್ರೋಕರುಗಳಲ್ಲ, ಸರ್ಕಾರವೂ ಹೌದು.

1954ರಲ್ಲಿ ಬ್ರೌನ್ ಮೊಕದ್ದಮೆಯ ತೀರ್ಪು ಬಂತು. ಕರಿಯರಿಗೊಂದು, ಬಿಳಿಯರಿಗೊಂದು ಅಂತ ಸರ್ಕಾರಿ ಶಾಲೆ ಇಡೋದು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟು ಹೇಳಿತು. ಕಾಗದದ ಮೇಲೆ ಗೋಡೆ ಬಿತ್ತು. ಆದರೆ ವಿಳಾಸ ನೋಡಿ ಶಾಲೆ ಕೊಡುವ ಪದ್ಧತಿ ಹಾಗೇ ಉಳಿಯಿತು. ವಿಳಾಸಗಳು ಮೊದಲೇ ಬೇರೆ ಬೇರೆ ಆಗಿದ್ದವಲ್ಲ!

ಇದರ ಪರಿಣಾಮ ಏನಾಯ್ತು ಅಂತ ನೋಡೋಕೆ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊಗೆ ಹೋಗಬೇಕು. ಅಲ್ಲಿ ಎಡ್ಜ್‌ವುಡ್ ಅಂತ ಒಂದು ಸ್ಕೂಲ್ ಡಿಸ್ಟ್ರಿಕ್ಟ್. ಡಿಸ್ಟ್ರಿಕ್ಟ್ ಅಂದರೆ ನಮ್ಮ ಜಿಲ್ಲೆಯಷ್ಟು ದೊಡ್ಡದಲ್ಲ. ತನ್ನದೇ ತೆರಿಗೆ ಹಾಕಿಕೊಂಡು ತನ್ನದೇ ಶಾಲೆಗಳನ್ನು ನಡೆಸುವ ಒಂದು ಪ್ರದೇಶ. ಎಡ್ಜ್‌ವುಡ್‌ನಲ್ಲಿದ್ದ ಸುಮಾರು 22,000 ಮಕ್ಕಳಲ್ಲಿ ಶೇ 90ರಷ್ಟು ಮೆಕ್ಸಿಕನ್ ಮೂಲದವರು. ಮೇಷ್ಟರುಗಳಲ್ಲಿ ಹತ್ತಿರ ಹತ್ತಿರ ಅರ್ಧ ಜನ ತಾತ್ಕಾಲಿಕ ಪರವಾನಗಿಯ ಮೇಲೆ ಪಾಠ ಮಾಡುತ್ತಿದ್ದರು. 1968ರ ಮೇ ತಿಂಗಳಲ್ಲಿ ಹೈಸ್ಕೂಲಿನ ಹುಡುಗ ಹುಡುಗಿಯರು ತರಗತಿ ಬಿಟ್ಟು ಹೊರಗೆ ಬಂದರು. ಅದೇ ಬೇಸಿಗೆಯಲ್ಲಿ ಡಿಮೀಟ್ರಿಯೊ ರಾಡ್ರಿಗಸ್ ಎಂಬ ತಗಡಿನ ಕೆಲಸದವರು ಇನ್ನೂ ಕೆಲವು ಪೋಷಕರ ಜೊತೆ ಸೇರಿ ಕೋರ್ಟಿಗೆ ಹೋದರು.

ಆ ಮೊಕದ್ದಮೆಯಲ್ಲಿ ಬಂದ ಅಂಕಿಗಳನ್ನು ನಿಧಾನವಾಗಿ ಓದಿ. ಎಡ್ಜ್‌ವುಡ್‌ನವರು 100 ಡಾಲರ್ ಆಸ್ತಿಗೆ 1 ಡಾಲರ್ 5 ಸೆಂಟ್ ತೆರಿಗೆ ಕಟ್ಟುತ್ತಿದ್ದರು. ರಾಜ್ಯದ ನಿಧಿಗೆ ಕೊಡಬೇಕಾದ್ದು ಕೊಟ್ಟು ಉಳಿಯುತ್ತಿದ್ದದ್ದು ಒಂದು ಮಗುವಿಗೆ 26 ಡಾಲರ್. ಅದೇ ಊರಿನ ಇನ್ನೊಂದು ಮಗ್ಗುಲಲ್ಲಿದ್ದ, ಬಿಳಿಯರೇ ಹೆಚ್ಚಾಗಿದ್ದ ಶ್ರೀಮಂತ ಅಲಮೋ ಹೈಟ್ಸ್‌ನವರು ಕಟ್ಟುತ್ತಿದ್ದ ತೆರಿಗೆ ಬರೀ 85 ಸೆಂಟ್. ಉಳಿಯುತ್ತಿದ್ದದ್ದು ಒಂದು ಮಗುವಿಗೆ 333 ಡಾಲರ್. ರಾಜ್ಯದ್ದು, ಕೇಂದ್ರದ್ದು ಎಲ್ಲ ಸೇರಿಸಿದರೂ ಎಡ್ಜ್‌ವುಡ್ ಮಗುವಿನ ಪಾಲಿಗೆ 356, ಅಲಮೋ ಹೈಟ್ಸ್ ಮಗುವಿಗೆ 594. ಬಡವರು ಹೆಚ್ಚಿನ ದರದಲ್ಲಿ ತೆರಿಗೆ ಕಟ್ಟಿ ಕಡಿಮೆ ಶಾಲೆ ಪಡೆಯುತ್ತಿದ್ದರು. ಯಾಕೆ? ಅವರ ಮನೆಗಳಿಗೆ ಬೆಲೆ ಇರಲಿಲ್ಲ. ಶಾಲೆ ಚೆನ್ನಾಗಿಲ್ಲದ ಕಡೆ ಬೆಲೆ ಏರುವುದಾದರೂ ಹೇಗೆ?

ಕೆಳಗಿನ ಕೋರ್ಟಿನಲ್ಲಿ ರಾಡ್ರಿಗಸ್ ಗೆದ್ದರು. 1973ರ ಮಾರ್ಚ್ 21ರಂದು ಸುಪ್ರೀಂ ಕೋರ್ಟಿನಲ್ಲಿ 5-4ರಿಂದ ಸೋತರು. ಶಿಕ್ಷಣ ಅಮೆರಿಕದ ಸಂವಿಧಾನ ಹೇಳಿದ ಮೂಲಭೂತ ಹಕ್ಕಲ್ಲ ಅಂತ ನ್ಯಾಯಮೂರ್ತಿ ಪೊವೆಲ್ ಬರೆದರು. ಬಡವರು ಮತ್ತೆ ಸೋತರು ಅಂತ ರಾಡ್ರಿಗಸ್ ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ಮರುವರ್ಷ ಡೆಟ್ರಾಯಿಟ್ ನಗರವನ್ನೂ ಸುತ್ತಲಿನ 53 ಡಿಸ್ಟ್ರಿಕ್ಟುಗಳನ್ನೂ ಸೇರಿಸಿ ಮಕ್ಕಳನ್ನು ಹಂಚುವ ಯೋಜನೆಯನ್ನೂ ಅದೇ ಕೋರ್ಟು 5-4ರಿಂದ ತಳ್ಳಿಹಾಕಿತು. ಇವೆರಡು ತೀರ್ಪುಗಳಾದ ಮೇಲೆ ಪೋಷಕರಿಗೆ ಒಂದು ವಿಷಯ ಸ್ಪಷ್ಟವಾಯ್ತು: ಗೆರೆ ದಾಟಿ ಮನೆ ಕೊಂಡರೆ ಕೋರ್ಟು ಹಿಂದೆ ಬರೋದಿಲ್ಲ. ಟೆಕ್ಸಸ್ ರಾಜ್ಯದ ಸುಪ್ರೀಂ ಕೋರ್ಟು ಎಡ್ಜ್‌ವುಡ್ ಪರವಾಗಿ ತೀರ್ಪು ಕೊಡುವ ಹೊತ್ತಿಗೆ 1989 ಆಗಿತ್ತು. ಅಷ್ಟರಲ್ಲಿ ಒಂದು ತಲೆಮಾರು ಶಾಲೆ ಮುಗಿಸಿತ್ತು.

ಹಾಗಾದರೆ ದುಡ್ಡು ಸಮ ಹಂಚಿದರೆ ಗಂಟು ಬಿಚ್ಚುತ್ತಾ? ಕ್ಯಾಲಿಫೋರ್ನಿಯಾದಲ್ಲಿ ಅದನ್ನೂ ನೋಡಿಯಾಯ್ತು. ಅಲ್ಲಿ 1971ರ ಸೆರಾನೊ ತೀರ್ಪು, ಆಮೇಲೆ ಆಸ್ತಿ ತೆರಿಗೆಗೆ ಮಿತಿ ಹಾಕಿದ 1978ರ ಪ್ರೊಪೊಸಿಷನ್ 13, ಇವೆರಡರಿಂದ ಶಾಲೆಯ ಹಣದ ಹಿಡಿತ ಬಹುಪಾಲು ರಾಜ್ಯದ ಕೈಗೆ ಹೋಯಿತು. ಆದರೂ ಒಳ್ಳೆ ಶಾಲೆಯ ಗೆರೆಯೊಳಗಿನ ಮನೆ ಅಗ್ಗವಾಗಲಿಲ್ಲ. ಪಕ್ಕದ ಬೆಂಚಿನಲ್ಲಿ ಯಾರ ಮಕ್ಕಳು ಕೂರ್ತಾರೆ ಅನ್ನೋದನ್ನು ಜನ ಕೊಳ್ಳುತ್ತಲೇ ಇದ್ದರು.

ಹೀಗೆ ಕೊಳ್ಳುವುದರ ಬೆಲೆ ಎಷ್ಟು ಅಂತ ಸ್ಯಾಂಡ್ರಾ ಬ್ಲ್ಯಾಕ್ ಎಂಬ ಅರ್ಥಶಾಸ್ತ್ರಜ್ಞೆ 1999ರಲ್ಲಿ ಲೆಕ್ಕ ಹಾಕಿದರು. ಬಾಸ್ಟನ್ ಸುತ್ತಲಿನ ಊರುಗಳಲ್ಲಿ ಶಾಲಾ ಗೆರೆಯ ಈ ಬದಿ, ಆ ಬದಿಯ ಮನೆಗಳನ್ನು ಹೋಲಿಸಿದರು. ಬೀದಿ ಅದೇ ಥರ, ಗಾಳಿ ಬೆಳಕು ಅದೇ, ಶಾಲೆ ಮಾತ್ರ ಬೇರೆ. ಪರೀಕ್ಷೆಯ ಅಂಕ ಶೇ 5 ಹೆಚ್ಚಿದ್ದರೆ ಪೋಷಕರು ಮನೆಗೆ ಶೇ 2.5 ಹೆಚ್ಚು ಕೊಡೋಕೆ ಸಿದ್ಧರಿದ್ದರು. ಅದಕ್ಕೆ ಒಂದು ವರ್ಷ ಮುಂಚೆ, 1998ರಲ್ಲಿ, ಗ್ರೇಟ್‌ಸ್ಕೂಲ್ಸ್ ಅನ್ನೋ ಸಂಸ್ಥೆ ಹುಟ್ಟಿತ್ತು. ಮನೆಯ ಜೊತೆ ಕಾಣುವ ಹತ್ತಕ್ಕಿಷ್ಟು ಅಂಕ ಅದರದ್ದೇ.

ಈ ಇತಿಹಾಸದೊಳಕ್ಕೆ ನಮ್ಮವರು ಬಂದದ್ದು ತಡವಾಗಿ. 1965ರಲ್ಲಿ ವಲಸೆ ಕಾನೂನು ಬದಲಾದ ಮೇಲೆ ಭಾರತದಿಂದ ಓದಿದವರು ಹೋಗತೊಡಗಿದರು. ಸಾಫ್ಟ್‌ವೇರ್ ಕಾಲದಲ್ಲಿ ಆ ಹೊಳೆ ದೊಡ್ಡದಾಯ್ತು. ಗೆರೆ ಎಳೆದವರು ನಾವಲ್ಲ, ಆದರೆ ಅದರ ಬೆಲೆ ಬೇಗ ಕಲಿತೆವು. 2000ದ ಸುಮಾರಿಗೆ ಫ್ರೀಮಾಂಟ್‌ನಲ್ಲಿ ನಡೆದದ್ದು ಇದಕ್ಕೆ ಸಾಕ್ಷಿ. ಅಲ್ಲಿನ ಮಿಷನ್ ಸ್ಯಾನ್ ಹೋಸೆ ಹೈಸ್ಕೂಲಿಗೆ ದೊಡ್ಡ ಹೆಸರು. ಮಕ್ಕಳು ಜಾಸ್ತಿಯಾದಾಗ ಶಾಲಾ ಮಂಡಳಿ ಗೆರೆ ಬದಲಿಸಿ, ವೈಬೆಲ್ ಪ್ರಾಥಮಿಕ ಶಾಲೆಯ ಪ್ರದೇಶದ ಮಕ್ಕಳನ್ನು ಇರ್ವಿಂಗ್ಟನ್ ಹೈಸ್ಕೂಲಿಗೆ ಹಾಕಿತು. ಎರಡೂ ಒಂದೇ ಊರಿನ, ಒಂದೇ ಡಿಸ್ಟ್ರಿಕ್ಟಿನ ಶಾಲೆಗಳು. ಆದರೂ ಪೋಷಕರು ಸಿಟ್ಟಾದರು. ಅವರಲ್ಲಿ ಏಷ್ಯಾ ಮೂಲದವರು ಬಹಳ. ಬೇರೆ ಡಿಸ್ಟ್ರಿಕ್ಟನ್ನೇ ಮಾಡಿಕೊಳ್ಳುತ್ತೇವೆ ಅಂತ ಹೊರಟರು. ಅದು ಕೈಗೂಡಲಿಲ್ಲ. ಆ ಶಾಲೆಗಾಗಿಯೇ ಸಾಲ ಮಾಡಿ ಮನೆ ಕೊಂಡವರ ಸಂಕಟ ಸುಳ್ಳಲ್ಲ. ಆದರೆ ಅವರು ಕೊಂಡದ್ದು ಮನೆಯನ್ನು. ಗೆರೆ ಯಾರ ಕ್ರಯಪತ್ರದಲ್ಲೂ ಇರಲಿಲ್ಲ.

ಇದು ಅವರ ದೇಶದ ಕಥೆ ಅಂತ ಬಿಡೋ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಿಂದ 'ನೆರೆಹೊರೆಯ ಶಾಲೆ' ಅನ್ನೋ ಮಾತು ನಮ್ಮ ಕಾನೂನಿಗೂ ಬಂತು. ಖಾಸಗಿ ಶಾಲೆಯ ಶೇ 25 ಸೀಟು ನೆರೆಹೊರೆಯ ಬಡ ಮಕ್ಕಳಿಗೆ ಅಂತಾಯ್ತು. 2019ರಿಂದ ಕರ್ನಾಟಕದಲ್ಲಿ ನಿಯಮ ಬದಲಾಗಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟಿಲ್ಲ ಅಂತ ಆಯಿತು. ಬಡ ಮಗುವಿನ ಮಟ್ಟಿಗೆ ಇಲ್ಲೂ ವಿಳಾಸವೇ ತೀರ್ಮಾನ ಮಾಡೋಕೆ ಶುರುಮಾಡಿತು.

ಮಕ್ಕಳಿಗೆ ಒಳ್ಳೆ ಶಾಲೆ ಬೇಕು ಅನ್ನೋದು ತಪ್ಪಲ್ಲ. ರಾಡ್ರಿಗಸ್ ಕೇಳಿದ್ದೂ ಅದನ್ನೇ. ಆದರೆ ಮನೆ ನೋಡುವಾಗ ಆ ಅಂಕವನ್ನು ಹವಾಮಾನದ ವರದಿಯ ಹಾಗೆ ಓದಬೇಡಿ. ಅದರಲ್ಲಿ ಎಷ್ಟು ಪಾಠದ್ದು, ಎಷ್ಟು ಅಕ್ಕಪಕ್ಕದ ಮನೆಗಳ ಸಂಪಾದನೆಯದ್ದು ಅಂತ ಕೇಳಿಕೊಳ್ಳಿ. ಒಂದು ದಿನ ಹೋಗಿ ಶಾಲೆಯ ಒಳಗೆ ಕೂತು ನೋಡಿ. ಶಾಲಾ ಮಂಡಳಿಯವರನ್ನು ಗೆರೆ ಕಳೆದ ಸಲ ಯಾವಾಗ ಬದಲಾಯ್ತು, ಮುಂದೆ ಬದಲಾಗಬಹುದಾ ಅಂತ ವಿಚಾರಿಸಿ. ಮನೆ ಕೊಂಡ ಮೇಲೂ ಮಂಡಳಿಯ ಸಭೆಗೆ ಹೋಗ್ತಾ ಇರಿ. ಗೆರೆಯ ಆ ಬದಿಯ ಶಾಲೆಯ ಮಾತು ಬಂದಾಗ ಎದ್ದು ಹೊರಡಬೇಡಿ.