ಕಣ್ಣೀರಿನ ದಾರಿ ಮತ್ತು ಒಂದು ಸಣ್ಣ ನಳಿಕೆ

ಸ್ಟೆಂಟ್ ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ಹೃದಯ. ಹೃದಯದ ರಕ್ತನಾಳಕ್ಕೆ ಮೊದಲ ಸ್ಟೆಂಟ್ ಹಾಕಿದ್ದು 1986ರಲ್ಲಿ. ಅದಕ್ಕೂ ಸುಮಾರು ಇಪ್ಪತ್ತು ವರ್ಷ ಮೊದಲೇ ಕಣ್ಣಿನ ವೈದ್ಯರು ಕಟ್ಟಿಹೋದ ಕಣ್ಣೀರಿನ ದಾರಿಗೆ ಸಿಲಿಕೋನ್ ನಳಿಕೆ ಹಾಕತೊಡಗಿದ್ದರು ಎಂಬುದು ನಿಮಗೆ ಗೊತ್ತೇ?

ಕಣ್ಣೀರು ಮೂಗಿಗೆ ಇಳಿಯುತ್ತದೆ. ಅತ್ತಾಗ ಮೂಗು ಸೋರುವುದು, ಕಣ್ಣಿಗೆ ಹಾಕಿದ ಔಷಧಿಯ ಕಹಿ ಗಂಟಲಿಗೆ ತಾಗುವುದು ಇದರಿಂದಲೇ. ರೆಪ್ಪೆಗಳ ಒಳತುದಿಯಲ್ಲಿ ಎರಡು ಸೂಕ್ಷ್ಮ ರಂಧ್ರಗಳಿವೆ. ಅಲ್ಲಿಂದ ಹೊರಟ ಸಣ್ಣ ನಾಲೆಗಳು ಮೂಗಿನ ಪಕ್ಕದ ಪುಟ್ಟ ಚೀಲ ಸೇರುತ್ತವೆ. ಚೀಲದಿಂದ ಒಂದು ನಾಳ ಮೂಗಿಗೆ ಇಳಿಯುತ್ತದೆ. ಆ ನಾಳ ಕಟ್ಟಿದರೆ ನೀರು ಕೆನ್ನೆಗೆ ಸುರಿಯುತ್ತದೆ, ಚೀಲದಲ್ಲಿ ನಿಂತದ್ದು ಕೀವಾಗುತ್ತದೆ. ನಡುವಯಸ್ಸು ದಾಟಿದ ಹೆಂಗಸರಲ್ಲಿ ಇದು ಹೆಚ್ಚು. ಸೆರಗಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತ, ಒಲೆಯ ಹೊಗೆ ಎಂದು ಹೇಳಿ ವರ್ಷಗಟ್ಟಲೆ ಸುಮ್ಮನಿದ್ದ ಅಜ್ಜಿಯರನ್ನು ನೀವೂ ನೋಡಿರಬಹುದು.

ರೋಗ ಹಳೆಯದು. ಸುಶ್ರುತ ಸಂಹಿತೆ ಕಣ್ಣಿನ ಮೂಲೆಯ ಕೀವಿನ ಬಾವನ್ನು ಪೂಯಾಲಸ ಎಂದು ಕರೆಯುತ್ತದೆ. ಅರಬ್ ವೈದ್ಯರು ಇಟ್ಟ ಹೆಸರು ಗರಬ್. 1013ರಲ್ಲಿ ತೀರಿಕೊಂಡ, ಸ್ಪೇನಿನ ಕಾರ್ಡೋಬಾದ ಶಸ್ತ್ರವೈದ್ಯ ಅಲ್-ಝಹ್ರಾವಿ ತಮ್ಮ ‘ಅತ್-ತಸ್ರೀಫ್’ ಗ್ರಂಥದಲ್ಲಿ ಇದಕ್ಕೆ ಕಾದ ಕಬ್ಬಿಣದಿಂದ ಸುಡುವ ಚಿಕಿತ್ಸೆಯನ್ನು ವಿವರಿಸಿದ್ದಾರೆ. ಅದಕ್ಕೂ ಮಣಿಯದಿದ್ದರೆ ಎಲುಬನ್ನು ಕೊರೆದು ಮೂಗಿಗೆ ದಾರಿ ಮಾಡಬೇಕು ಎಂಬುದು ಅವರ ಮಾತು. ಅರಿವಳಿಕೆ ಇಲ್ಲದ ಕಾಲದ ಸಂಗತಿ ಇದು, ಓದುವಾಗಲೇ ಮೈ ನಡುಗುತ್ತದೆ!

ಇನ್ನು ನಮ್ಮ ಊರಿಗೆ ಬರೋಣ. ಚಾಮರಾಜಪೇಟೆಯ ಆಲೂರು ವೆಂಕಟರಾವ್ ರಸ್ತೆಯಲ್ಲಿರುವ ಮಿಂಟೋ ಕಣ್ಣಾಸ್ಪತ್ರೆ ಆರಂಭವಾದದ್ದು 1896ರಲ್ಲಿ. ಆಗ ಪ್ರಪಂಚದ ಯಾವ ಕಣ್ಣಾಸ್ಪತ್ರೆಯಲ್ಲೂ ಈ ರೋಗಕ್ಕೆ ಇಂದಿನ ಶಸ್ತ್ರಚಿಕಿತ್ಸೆ ರೂಢಿಯಲ್ಲಿರಲಿಲ್ಲ. ಆ ದಿನಗಳ ವೈದ್ಯರು ನಾಳದೊಳಗೆ ಲೋಹದ ಕಡ್ಡಿ ಹಾಯಿಸುತ್ತಿದ್ದರು, ಇಲ್ಲವೇ ಚೀಲವನ್ನೇ ಕಿತ್ತು ತೆಗೆಯುತ್ತಿದ್ದರು. ಚೀಲ ತೆಗೆದರೆ ಕೀವು ನಿಲ್ಲುತ್ತಿತ್ತು. ಕಣ್ಣೀರು ಮಾತ್ರ ಬದುಕಿರುವವರೆಗೂ ಕೆನ್ನೆಯ ಮೇಲೆಯೇ. ಆದರೂ ಅದು ಸುಮ್ಮನೆ ಮಾಡಿದ ಕೆಲಸವಲ್ಲ. ಕೀವಿನ ಚೀಲ ಇರುವ ಕಣ್ಣಿಗೆ ಪೊರೆಯ ಆಪರೇಷನ್ ಮಾಡಿದರೆ ಸೋಂಕು ಒಳಹೊಕ್ಕು ದೃಷ್ಟಿಯೇ ಹೋಗುವ ಅಪಾಯವಿದೆ. ಪೊರೆ ತೆಗೆಯುವ ಮುನ್ನ ಕಣ್ಣಿನ ಮೂಲೆಗೆ ಪಿಚಕಾರಿಯಿಂದ ನೀರು ಬಿಟ್ಟು, ಗಂಟಲಿಗೆ ಬಂತೇ ಎಂದು ಕೇಳುವುದು ಇದಕ್ಕಾಗಿಯೇ.

1904ರಲ್ಲಿ ಇಟಲಿಯ ಫ್ಲಾರೆನ್ಸಿನ ಅಡ್ಡಿಯೊ ಟೋಟಿ ಹೊಸ ಹಾದಿ ತೋರಿದರು. ಕಟ್ಟಿದ ನಾಳದ ಗೊಡವೆಯೇ ಬೇಡ, ಎಲುಬಿನಲ್ಲಿ ಕಿಂಡಿ ಮಾಡಿ ಚೀಲವನ್ನು ನೇರವಾಗಿ ಮೂಗಿಗೆ ಕೂಡಿಸೋಣ ಎಂದರು. ಇಂದು ವೈದ್ಯರು ಡಿ.ಸಿ.ಆರ್. ಎಂದು ಹೇಳುವುದು ಇದನ್ನೇ. ಮಿಂಟೋ ಆಸ್ಪತ್ರೆ 1913ರಲ್ಲಿ ಈಗಿನ ಕಟ್ಟಡಕ್ಕೆ ಬಂದಾಗ ಈ ವಿದ್ಯೆಗೆ ಒಂಬತ್ತೇ ವರ್ಷ.

ಕಿಂಡಿ ಕೊರೆಯುವುದು ಒಂದು ಕಷ್ಟ, ಅದನ್ನು ತೆರೆದಿಡುವುದು ಇನ್ನೊಂದು ಕಷ್ಟ. ಗಾಯ ಮಾಯುವುದು ಶರೀರದ ಧರ್ಮವಲ್ಲವೇ, ಹಾಗೆ ಮಾಯುತ್ತಲೇ ಕಿಂಡಿಯೂ ಮುಚ್ಚಿಕೊಳ್ಳುತ್ತಿತ್ತು. 1920ರ ಆಸುಪಾಸಿನಲ್ಲಿ ಫ್ರಾನ್ಸಿನ ವೈದ್ಯರು ಚೀಲದ ಒಳಪೊರೆಯನ್ನೂ ಮೂಗಿನ ಒಳಪೊರೆಯನ್ನೂ ಸೇರಿಸಿ ಹೊಲಿದರು. ಫಲಿತಾಂಶ ಬಹಳ ಸುಧಾರಿಸಿತು. ಆಮೇಲೆ ಬಂದದ್ದು ನಳಿಕೆ. ಮೊದಲು ಪಾಲಿಥಿನ್ ಬಳಸಿದರು, ಅದು ಗಡುಸು. 1960ರ ದಶಕದ ಕೊನೆಗೆ ಮೆದುವಾದ ಸಿಲಿಕೋನ್ ಬಂತು. ಅದರ ಎರಡು ತುದಿಗಳನ್ನು ಮೇಲಿನ, ಕೆಳಗಿನ ರೆಪ್ಪೆಗಳ ರಂಧ್ರಗಳಿಂದ ತೂರಿಸಿ, ಹೊಸ ಕಿಂಡಿಯ ಮೂಲಕ ಮೂಗಿಗೆ ಇಳಿಸಿ ಗಂಟು ಹಾಕುತ್ತಾರೆ. ಕಣ್ಣಿನ ಮೂಲೆಯಲ್ಲಿ ಒಂದು ಸಣ್ಣ ಎಳೆ ಮಾತ್ರ ಕಾಣುತ್ತದೆ.

ಹಾಗಾದರೆ ಎಲ್ಲರಿಗೂ ಸ್ಟೆಂಟ್ ಬೇಕೇ? ಬೇಡ. ಮೊದಲ ಸಲದ ಸಾಮಾನ್ಯ ಡಿ.ಸಿ.ಆರ್.ನಲ್ಲಿ ನಳಿಕೆ ಹಾಕಿದವರಿಗೂ ಹಾಕದವರಿಗೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ ಎಂದು ಹಲವು ಅಧ್ಯಯನಗಳು ಹೇಳಿವೆ. ಕೆಲವೊಮ್ಮೆ ನಳಿಕೆಯೇ ರಂಧ್ರವನ್ನು ಸೀಳುವುದುಂಟು. ರೆಪ್ಪೆಯ ನಾಲೆಗಳೇ ಕಿರಿದಾದವರಿಗೆ, ಪೆಟ್ಟಿನಿಂದ ಅವು ಹರಿದವರಿಗೆ, ಒಮ್ಮೆ ಆಪರೇಷನ್ ವಿಫಲವಾದವರಿಗೆ ಅದು ನಿಜವಾದ ಆಸರೆ. ಹಸುಗೂಸುಗಳ ಮಾತೇ ಬೇರೆ. ಕಣ್ಣಿನ ಮೂಲೆಯನ್ನು ವೈದ್ಯರು ತೋರಿಸಿಕೊಟ್ಟಂತೆ ತಾಯಿ ಬೆರಳಿನಿಂದ ಒತ್ತಿ ನೀವುತ್ತಿದ್ದರೆ, ವರ್ಷ ತುಂಬುವುದರೊಳಗೆ ನೂರರಲ್ಲಿ ಸುಮಾರು 90 ಮಕ್ಕಳಿಗೆ ನಾಳ ತಾನಾಗಿ ತೆರೆದುಕೊಳ್ಳುತ್ತದೆ. ಉಳಿದವರಿಗೆ ಕಡ್ಡಿ ಹಾಯಿಸುತ್ತಾರೆ, ಅದೂ ಸಾಲದಿದ್ದರೆ ಮಾತ್ರ ನಳಿಕೆ.

ದೊಡ್ಡವರಿಗೆ ಹಾಕಿದ ನಳಿಕೆಯನ್ನು ಸಾಮಾನ್ಯವಾಗಿ ಕೆಲವು ವಾರಗಳಿಂದ ಕೆಲವು ತಿಂಗಳ ಒಳಗೆ ತೆಗೆಯುತ್ತಾರೆ. ಅದಕ್ಕೆ ಮತ್ತೆ ದಾಖಲಾಗಬೇಕಿಲ್ಲ. ಹೊರರೋಗಿ ವಿಭಾಗದಲ್ಲೇ ಎಳೆಯನ್ನು ಕತ್ತರಿಸಿ, ಮೂಗಿನಿಂದ ಹೊರಗೆಳೆದು ಮನೆಗೆ ಕಳಿಸುತ್ತಾರೆ.