ಎಂಜಿನಿಯರರನ್ನು ಕುರಿತ ಎಳೆಯರ ಕಲ್ಪನೆ: ಕೊಡಗಿನ ಶಾಲೆಗಳ ದೃಷ್ಟಿಯಿಂದ ಒಂದು ಪರಾಮರ್ಶೆ

ಪ್ರಾಥಮಿಕ ಶಾಲೆಯ ಮಕ್ಕಳ ಮನಸ್ಸಿನಲ್ಲಿ ಎಂಜಿನಿಯರರ ವೃತ್ತಿಯನ್ನು ಕುರಿತು ಎಂತಹ ಕಲ್ಪನೆ ನೆಲಸಿರುತ್ತದೆ, ಅದು ಯಾವ ಮೂಲದಿಂದ ಒದಗುತ್ತದೆ, ಅದನ್ನು ತಿದ್ದಿ ಬೆಳೆಸಲು ಉಪಾಧ್ಯಾಯರು ಹಿಡಿಯಬಹುದಾದ ಮಾರ್ಗ ಯಾವುದು ಎಂಬ ಮೂರು ಪ್ರಶ್ನೆಗಳನ್ನು ಕೊಡಗಿನ ಸನ್ನಿವೇಶಕ್ಕೆ ಅನ್ವಯಿಸಿ ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಕ್ಕಳಿಂದ ಚಿತ್ರ ಬರೆಯಿಸಿ ಅವರ ಅಂತರಂಗದ ಕಲ್ಪನೆಯನ್ನು ಅರಿಯುವ ಕ್ರಮಕ್ಕೆ ಡೇವಿಡ್ ವೇಡ್ ಚೇಂಬರ್ಸ್ ೧೯೮೩ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದ ಆಧಾರ. ೪,೮೦೭ ಮಕ್ಕಳು ಬರೆದ ವಿಜ್ಞಾನಿಯ ಚಿತ್ರಗಳಲ್ಲಿ ಸ್ತ್ರೀಯರನ್ನು ತೋರಿಸಿದ್ದವು ಕೇವಲ ೨೮. ಅವೆಲ್ಲವೂ ಬಾಲಕಿಯರ ಕೈಯವು. ಇದೇ ಕ್ರಮವನ್ನು ಅಮೆರಿಕದ ನೈಟ್ ಮತ್ತು ಕನಿಂಗ್‌ಹ್ಯಾಮ್ ಎಂಬ ವಿದುಷಿಯರು ೨೦೦೪ರಲ್ಲಿ ಎಂಜಿನಿಯರರ ವಿಷಯಕ್ಕೆ ಅಳವಡಿಸಿದರು. ಮೋಟಾರು ರಿಪೇರಿ ಮಾಡುವವರು, ಕಟ್ಟಡ ಕಟ್ಟುವವರು, ಯಂತ್ರ ನಡೆಸುವವರು, ಇವರೇ ಎಂಜಿನಿಯರರೆಂಬ ಭಾವನೆ ಇಂತಹ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ.

ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಉಚಿತವಲ್ಲ. ಎಳೆಯ ಮಗು ಕಣ್ಣಿಗೆ ಬಿದ್ದ ಕ್ರಿಯೆಯಿಂದ ವೃತ್ತಿಯನ್ನು ಊಹಿಸುತ್ತದೆ. ಎಂಜಿನಿಯರರ ಕಾರ್ಯದ ಬಹುಭಾಗವಾದರೋ ಅಳತೆ, ಲೆಕ್ಕ, ನಕ್ಷೆ, ಹಲವು ದಾರಿಗಳಲ್ಲಿ ಒಂದನ್ನು ಆರಿಸುವ ವಿವೇಚನೆ ಇವುಗಳಲ್ಲಿಯೇ ಮುಗಿದುಹೋಗುವುದರಿಂದ, ಸ್ಥಳದಲ್ಲಿ ಕಾಣಿಸುವುದು ಅನ್ಯರ ಕೈಕೆಲಸ ಮಾತ್ರ. ಆದುದರಿಂದ ಮಗುವಿನ ನಿರೀಕ್ಷಣೆ ಸರಿಯಾಗಿಯೇ ಇದೆ. ಕೊರತೆಯಿರುವುದು ಆ ನಿರೀಕ್ಷಣೆಗೆ ‘ಏಕೆ’ ಎಂಬ ಪ್ರಶ್ನೆಯನ್ನು ಜೋಡಿಸದ ಬೋಧನೆಯಲ್ಲಿ.

ರೈಲುಮಾರ್ಗವಿಲ್ಲದ ಕೊಡಗಿನಲ್ಲಿ ಮಕ್ಕಳ ಕಣ್ಣಿಗೆ ಬೀಳುವ ಯಾಂತ್ರಿಕ ಜಗತ್ತು ಬೇರೆ ತೆರನಾದುದು: ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರು, ಮಳೆಗಾಲದಲ್ಲಿ ಮರ ಬಿದ್ದು ಹರಿದ ತಂತಿಯನ್ನು ಕೂಡಿಸಲು ಬರುವ ಲೈನ್‌ಮ್ಯಾನ್, ಕುಸಿದ ಮಣ್ಣನ್ನು ತೆರವು ಮಾಡುವ ಜೆಸಿಬಿ, ಮನೆ ಕಟ್ಟುವ ಮೇಸ್ತ್ರಿ, ಹಾರಂಗಿಯ ಅಣೆಕಟ್ಟು. ಕುಶಾಲನಗರ, ಪೊನ್ನಂಪೇಟೆಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿದ್ದರೂ ಅಲ್ಲಿನ ಅಧ್ಯಯನದ ಸ್ವರೂಪ ಎಳೆಯರಿಗೆ ಅಗೋಚರ. ಸೆಪ್ಟೆಂಬರ್ ೧೫ರಂದು ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕಿ ಅವರ ಶಿಸ್ತನ್ನು ಕೊಂಡಾಡುವುದುಂಟು. ಇದರಿಂದ ವ್ಯಕ್ತಿಯ ಮೇಲೆ ಗೌರವ ಮೂಡಿದರೂ ವೃತ್ತಿಯ ತಿಳಿವಳಿಕೆ ಮೂಡುವುದಿಲ್ಲ. ಜಲಾಶಯದ ಮಟ್ಟ ಏರಿದಾಗ ತಾನಾಗಿಯೇ ತೆರೆದುಕೊಂಡು, ಇಳಿದಾಗ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಅವರು ಯೋಜಿಸಿದರು, ಅವು ೧೯೦೩ರಲ್ಲಿ ಪುಣೆಯ ಸಮೀಪದ ಖಡಕವಾಸಲಾದಲ್ಲಿ ಸ್ಥಾಪಿತವಾದವು ಎಂಬ ಸಂಗತಿಯನ್ನು ಅಂದು ವಿವರಿಸಿದರೆ ಹೆಚ್ಚಿನ ಪ್ರಯೋಜನವಾದೀತು.

ಹತ್ತಿರದ ನಿದರ್ಶನಗಳಿಗೂ ಕೊರತೆಯಿಲ್ಲ. ೨೦೧೮ರ ಆಗಸ್ಟ್ ತಿಂಗಳ ಅತಿವೃಷ್ಟಿಯಲ್ಲಿ ಮಕ್ಕಂದೂರು, ಜೋಡುಪಾಲ ಮೊದಲಾದೆಡೆ ಗುಡ್ಡಗಳು ಕುಸಿದ ಸ್ಮರಣೆ ಈ ಜಿಲ್ಲೆಯ ಮನೆಮನೆಯಲ್ಲಿಯೂ ಇದೆ. ಗುಡ್ಡ ಕಡಿದು ರಸ್ತೆ ಮಾಡಿದ ಕಡೆ ಕಟ್ಟುವ ತಡೆಗೋಡೆಯ ಮೈಯಲ್ಲಿ ಸಾಲಾಗಿ ಕೊಳವೆಯ ಬಾಯಿಗಳಿರುವುದನ್ನೂ, ಮಳೆ ಹಿಡಿದಾಗ ಅವುಗಳಿಂದ ನೀರು ಒಸರುವುದನ್ನೂ ಶಾಲೆಗೆ ನಡೆದು ಬರುವ ಮಗು ಕಂಡೇ ಇರುತ್ತದೆ. ಗಟ್ಟಿಯಾಗಿರಬೇಕಾದ ಗೋಡೆಗೆ ತೂತೇಕೆ ಎಂದು ಉಪಾಧ್ಯಾಯರು ಕೇಳಬೇಕು. ನೀರುಂಡ ಮಣ್ಣು ಭಾರವಾಗುತ್ತದೆ. ಹಿಂದೆ ತಡೆದು ನಿಂತ ನೀರು ಗೋಡೆಯನ್ನು ಹೊರಕ್ಕೆ ನೂಕುತ್ತದೆ. ದಾರಿ ಬಿಟ್ಟರೆ ಆ ಒತ್ತಡ ಇಳಿಯುತ್ತದೆ. ಮಣ್ಣು ಬಂದು ಆ ದಾರಿ ಕಟ್ಟಿಕೊಳ್ಳದಿರಲೆಂದು ಗೋಡೆಯ ಹಿಂಬದಿಗೆ ಜಲ್ಲಿ ತುಂಬುತ್ತಾರೆ. ಎರಡು ಹಲಗೆಗಳ ಹಿಂದೆ ಮಣ್ಣು ಒಟ್ಟಿ, ಒಂದಕ್ಕೆ ಮಾತ್ರ ತೂತು ಕೊರೆದು, ಎರಡರ ಮೇಲೂ ನೀರು ಹೊಯ್ದು ಪರೀಕ್ಷಿಸುವುದು ನಾಲ್ಕನೆಯ ತರಗತಿಯ ಮಕ್ಕಳಿಗೂ ಸಾಧ್ಯ. ಕಲ್ಲನ್ನಿಟ್ಟವನು ಮೇಸ್ತ್ರಿ, ತೂತು ಎಲ್ಲಿರಬೇಕೆಂದು ಮೊದಲೇ ಯೋಚಿಸಿದವರು ಎಂಜಿನಿಯರು ಎಂಬ ವಿವೇಕ ಆಗ ಉಪದೇಶವಿಲ್ಲದೆಯೇ ಉದಿಸುತ್ತದೆ.

ಹಾಗೆಂದು ಕೈಕೆಲಸವನ್ನು ಕೀಳೆಂದು ಭಾವಿಸುವ ದೋಷಕ್ಕೂ ಎಡೆಗೊಡಬಾರದು. ಕೊಡಗಿನ ಗಡಿಗೆ ಹೊಂದಿದ ಸುಳ್ಯ ಸೀಮೆಯ ಗಿರೀಶ್ ಭಾರದ್ವಾಜರು ೧೯೮೯ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಅನಂತರ ನೂರಕ್ಕೂ ಮಿಕ್ಕಿ ಇಂತಹ ಕಾಲುಸೇತುವೆಗಳನ್ನು ನಿರ್ಮಿಸಿ, ೨೦೧೭ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ಮಳೆಗಾಲದಲ್ಲಿ ಹೊಳೆ ದಾಟಲಾರದ ಜನರ ಕಷ್ಟವನ್ನು ಅರಿಯುವುದು, ಹಗ್ಗ ಹೊರಬೇಕಾದ ಭಾರವನ್ನು ಗಣಿಸುವುದು, ಕೆಲಸಗಾರರೊಡನೆ ನಿಂತು ಕಟ್ಟುವುದು, ಈ ಮೂರೂ ಒಂದೇ ವೃತ್ತಿಯ ಅಂಗಗಳೆಂಬುದಕ್ಕೆ ಇದು ಉಜ್ಜ್ವಲ ನಿದರ್ಶನ.

ಪರೀಕ್ಷಾಕ್ರಮವನ್ನು ಕುರಿತು ಒಂದು ಮಾತನ್ನು ಹೇಳಬೇಕಾಗಿದೆ. ಚಿತ್ರವು ಕ್ರಿಯೆಯನ್ನು ತೋರಿಸಬಲ್ಲುದು, ಆಲೋಚನೆಯನ್ನು ತೋರಿಸುವುದು ಅದಕ್ಕೆ ಕಷ್ಟ. ಪಾನೆ ಹಿಡಿದ ಮನುಷ್ಯನನ್ನು ಬರೆದ ಮಗು ಅವನ ತಲೆಯೊಳಗಿನ ಲೆಕ್ಕವನ್ನೂ ಬಲ್ಲುದಾಗಿರಬಹುದು. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಎರವ ಮೊದಲಾದ ಮನೆಮಾತುಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂಡುವ ಈ ನಾಡಿನಲ್ಲಿ ಪಠ್ಯಭಾಷೆಯ ಲಿಖಿತ ಉತ್ತರವನ್ನು ಮಾತ್ರ ನೆಚ್ಚುವುದೂ ನ್ಯಾಯವಲ್ಲ. ಆದಕಾರಣ ಮಗು ಚಿತ್ರ ಬರೆದ ಮೇಲೆ, ಆ ವ್ಯಕ್ತಿ ಏನು ಮಾಡುತ್ತಿದ್ದಾರೆ, ಹಾಗೆಯೇ ಏಕೆ ಮಾಡಬೇಕು, ಬೇರೆ ದಾರಿಯಿದೆಯೆ ಎಂದು ಅದರ ಮನೆಮಾತಿನಲ್ಲಿಯೇ ಕೇಳಿ ಉತ್ತರವನ್ನು ಬರೆದುಕೊಳ್ಳುವ ಪದ್ಧತಿಯನ್ನು ಕೊಡಗಿನ ಉಪಾಧ್ಯಾಯರು ಆರಂಭಿಸಬೇಕೆಂದು ಬಿನ್ನವಿಸುತ್ತೇನೆ. ಅದಕ್ಕೆ ಬೇಕಾದುದು ಒಂದು ಹಾಳೆ, ಒಂದು ಪೆನ್ಸಿಲು, ಮಗುವಿನ ಮಾತನ್ನು ಕೊನೆಯವರೆಗೆ ಕೇಳುವ ತಾಳ್ಮೆ, ಇಷ್ಟೇ.